ಸೂಜಿಯಿಲ್ಲದ ಹಳದಿ ಕಾರ್ಡು

ಮಾಮಾನ ಹಳದಿ ಕಾರ್ಡನ್ನು ಹರಿದದ್ದು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಬಳಗದಲ್ಲಿ ಈ ಸುದ್ದಿ ಬಾಯಿಂದ ಬಾಯಿಗೆ ಹೋಗಿ ಏನೇನೋ ಆಗಿದೆ. ಒಬ್ಬರ ಪ್ರಕಾರ ನಾನು ಅದನ್ನು ಒಲೆಗೆ ಹಾಕಿ ಸುಟ್ಟೆ. ಇನ್ನೊಬ್ಬರ ಪ್ರಕಾರ ಪೊಲೀಸರಿಗೆ ಕೊಟ್ಟೆ. ಎರಡೂ ಸುಳ್ಳು. ನಾಲ್ಕು ತುಂಡು ಮಾಡಿದೆ, ಅಷ್ಟೆ. ಅಂಥದ್ದು ಇವತ್ತು ಕೈಗೆ ಸಿಕ್ಕರೂ ಹರಿಯುತ್ತೇನೆ.

ಮಾಮಾ ಅಂದರೆ ಅವ್ವನ ತಮ್ಮ. ನಾವು ಲಿಂಗಸೂಗೂರು ಕಡೆಯವರು. ನಾನು ಮೂರನೆಯ ತರಗತಿಯಲ್ಲಿದ್ದಾಗಿನಿಂದ ಹೈದರಾಬಾದಿನಲ್ಲೇ ಇದ್ದೇವೆ, ದಿಲ್‌ಸುಖ್‌ನಗರದ ಒಂದು ಓಣಿಯಲ್ಲಿ. ಮಾಮಾ ಪೊಕ್ಲೇನ್ ನಡೆಸುತ್ತಾನೆ, ಮಣ್ಣು ತೋಡುವ ದೊಡ್ಡ ಯಂತ್ರ. ಈ ಊರಿನ ಅರ್ಧ ಅಪಾರ್ಟ್‌ಮೆಂಟುಗಳ ಪಾಯ ತೋಡಿದ್ದು ತಾನೇ ಎಂಬ ಜಂಬ ಅವನಿಗೆ. ಹೆಂಡತಿ ಮಕ್ಕಳು ಊರಲ್ಲಿ. ಅವನು ಸೈಟಿನ ಶೆಡ್ಡಿನಲ್ಲಿ ಮಲಗಿ, ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬರುತ್ತಿದ್ದ.

ನನಗೆ ಸೊಳ್ಳೆಯ ಹುಚ್ಚು. ಡೆಂಗಿ ಬಂದ ವರ್ಷ ಹತ್ತಿದ್ದು. ಹಾಸಿಗೆಯಲ್ಲಿ ಬಿದ್ದುಕೊಂಡೇ, ನನ್ನನ್ನು ಹೀಗೆ ಕೆಡವಿದ ಪ್ರಾಣಿ ಯಾವುದಪ್ಪಾ ಎಂದು ಫೋನಿನಲ್ಲಿ ಓದತೊಡಗಿದೆ. ಎದ್ದ ಮೇಲೂ ನಿಲ್ಲಲಿಲ್ಲ. ಯಾವ ಕಾಲೇಜಿನಲ್ಲೂ ಕಲಿತದ್ದಲ್ಲ. ಫೋನಿನ ಕ್ಯಾಮೆರಾಕ್ಕೆ ಸಿಕ್ಕಿಸುವ ಒಂದು ಸಣ್ಣ ಭೂತಗನ್ನಡಿ, ಪುಕ್ಕಟೆ ಸಿಗುವ ಲೇಖನಗಳು, ಅರ್ಥವಾಗದ ಪದಕ್ಕೆ ಡಿಕ್ಷನರಿ. ಬ್ಯಾಂಕ್ ಪರೀಕ್ಷೆಯ ಕೋಚಿಂಗಿಗೆ ಅಂತ ಅಮೀರ್‌ಪೇಟಿಗೆ ಮೆಟ್ರೋದಲ್ಲಿ ಹೋಗುವಾಗ, ಲೆಕ್ಕದ ಪುಸ್ತಕ ತೊಡೆಯ ಮೇಲೆ ಇರುತ್ತಿತ್ತು, ಕಣ್ಣು ಸೊಳ್ಳೆಯ ಕಾಲಿನ ಚಿತ್ರಗಳ ಮೇಲೆ. ಎರಡು ಸಲ ಫೇಲಾದೆ. ಸೊಳ್ಳೆಯಿಂದಲೇ ಫೇಲಾದೆ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ನಾನು ಅಲ್ಲ ಅನ್ನುವುದಿಲ್ಲ.

ಒಂದು ಭಾನುವಾರ ಜೋಳದ ರೊಟ್ಟಿ ಮುರಿಯುತ್ತಾ ಮಾಮಾ ಹೇಳಿದ: “ಅಕ್ಕಾ, ಆಫ್ರಿಕಾಕ್ಕ ಹೊಂಟೀನಿ. ಕ್ಯಾಮರೂನ್ ಅಂತ. ರೋಡ್ ಮಾಡಾಕತ್ತಾರ ಅಲ್ಲಿ, ಮಷಿನ್ ಆಪರೇಟರ್ ಬೇಕಂತ. ಎರಡ ವರ್ಷ.”

“ರೋಡ್ ಎಲ್ಲಿ? ಊರಾಗೋ, ಅಡವ್ಯಾಗೋ?” ಎಂದೆ ನಾನು.

“ಅಡವಿ ಕಡದು ಮಾಡೋ ರೋಡು. ಯಾಕ?”

“ಅಲ್ಲಿ ಹಳದಿ ಜ್ವರ ಐತಿ ಮಾಮಾ. ಸೂಜಿ ಹಾಕ್ಸ್ಕೋಬೇಕು.”

“ಬಂದ್ಲು ನೋಡು ಸೊಳ್ಳಿ ಡಾಕ್ಟರಮ್ಮ,” ಎಂದ. “ಹೊಂಟ ಮನಷ್ಯಾಗ ಹೋಗಿ ಬಾ ಅನ್ನೋದ ಬಿಟ್ಟು ಜ್ವರದ ಹೆಸರ ಹೇಳತಾಳ.”

ನನಗೆ ಅಷ್ಟು ಸಾಕಾಗಿತ್ತು. ಕೈ ತೊಳೆಯುವುದಕ್ಕೂ ಬಿಡದೆ ಶುರು ಮಾಡಿದೆ. ಆ ರೋಗ ಕಾಡಿನ ಮಂಗಗಳಲ್ಲಿ ಇರುತ್ತದೆ. ಮರದ ತುದಿಯಲ್ಲಿ ಬದುಕುವ ಸೊಳ್ಳೆಗಳು ಅದನ್ನು ಮಂಗದಿಂದ ಮಂಗಕ್ಕೆ ದಾಟಿಸುತ್ತವೆ. ಅವುಗಳ ಪಾಡಿಗೆ ಅವು ಮೇಲೆ ಇರುತ್ತವೆ. ಮನುಷ್ಯ ಹೋಗಿ ಮರ ಕೆಡವಿದರೆ ತುದಿ ನೆಲಕ್ಕೆ ಬರುತ್ತದೆ, ಸೊಳ್ಳೆಯೂ ಬರುತ್ತದೆ, ಅಲ್ಲಿ ಮಂಗದ ಬದಲು ಇವನು ನಿಂತಿರುತ್ತಾನೆ. ಬಹಳ ಜನಕ್ಕೆ ನಾಲ್ಕು ದಿನ ಜ್ವರ ಬಂದು ಹೋಗುತ್ತದೆ. ಕೆಲವರಿಗೆ ಬಿಟ್ಟ ಜ್ವರ ತಿರುಗಿ ಬರುತ್ತದೆ, ಕಣ್ಣು ಹಳದಿಯಾಗುತ್ತದೆ, ಬಾಯಿ ಮೂಗಿನಿಂದ ರಕ್ತ ಬರುತ್ತದೆ. ಆ ಹಂತಕ್ಕೆ ಹೋದವರಲ್ಲಿ ಬಹಳ ಮಂದಿ ಉಳಿಯುವುದಿಲ್ಲ.

ಫೋನಿನಲ್ಲಿ ಚಿತ್ರವನ್ನೂ ತೋರಿಸಿದೆ. ನೀಲಿಯಾಗಿ ಹೊಳೆಯುವ, ಕಾಲಿಗೆ ಗರಿ ಕಟ್ಟಿಕೊಂಡಂತೆ ಕಾಣುವ ಚೆಂದದ ಸೊಳ್ಳೆ. “ಇದು ಹಗಲಿಗೇ ಕಚ್ಚತೈತಿ. ಮಧ್ಯಾಹ್ನದಾಗ ಹುಷಾರಾಗಿರಬೇಕು,” ಎಂದೆ.

ಅಲ್ಲಿ ನಾನು ಎಡವಿದೆ. ಎರಡು ದಿನದ ಮೇಲೆ ಮತ್ತೆ ಓದುವಾಗ ಗೊತ್ತಾಯಿತು, ಆ ನೀಲಿ ಸುಂದರಿ ದಕ್ಷಿಣ ಅಮೆರಿಕದ ಕಾಡಿನದು. ಆಫ್ರಿಕಾದ ಕಾಡಿನಲ್ಲಿ ಈ ಕೆಲಸ ಮಾಡುವುದು ಬೇರೆ ಸೊಳ್ಳೆ, ನಮ್ಮ ಡೆಂಗಿ ಸೊಳ್ಳೆಯ ದಾಯಾದಿ, ಕಪ್ಪು ಬಿಳುಪು, ಅದರ ಹಾವಳಿ ಮುಸ್ಸಂಜೆಗೆ ಜೋರು. ನಾನು ಇಡೀ ಖಂಡವನ್ನೇ ತಪ್ಪು ಹೇಳಿದ್ದೆ. ಸುಮ್ಮನಿರಬಹುದಿತ್ತು. ಆದರೆ ತಪ್ಪು ಮಾಹಿತಿ ಇಟ್ಟುಕೊಂಡು ಒಬ್ಬ ಮನುಷ್ಯ ಕಾಡಿಗೆ ಹೋಗುತ್ತಾನಲ್ಲ ಎಂದು ಮುಂದಿನ ಭಾನುವಾರ ತಿದ್ದಿ ಹೇಳಿದೆ. ಮಾಮಾ ನಕ್ಕಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

“ಹೋದ ವಾರ ನೀಲಿ ಅಂದಿ, ಹಗಲಿಗೆ ಅಂದಿ. ಈ ವಾರ ಕರಿ ಅಂತಿ, ಸಂಜಿಗೆ ಅಂತಿ. ಮುಂದಿನ ವಾರ ಹಸರ ಸೊಳ್ಳಿ ತರತೀಯೇನು?”

“ಸೊಳ್ಳಿ ಯಾವದರ ಇರಲಿ, ಸೂಜಿ ಒಂದ.”

“ಏ ಹೋಗ. ಮೊದಲ ನೀ ಒಂದ ಮಾತಿನ ಮ್ಯಾಲ ನಿಲ್ಲು.”

ಅವತ್ತಿನಿಂದ ನನ್ನ ಮಾತಿಗೆ ಬೆಲೆ ಹೋಯಿತು. ಆದರೂ ಒಂದು ಹಾಳೆಯಲ್ಲಿ ಬರೆದು ಕೊಟ್ಟೆ: ಹೊರಡುವ ಹತ್ತು ದಿನಕ್ಕಿಂತ ಮೊದಲೇ ಲಸಿಕೆ, ಉದ್ದ ತೋಳಿನ ಅಂಗಿ, ತೆರೆದ ಚರ್ಮಕ್ಕೆ ಸೊಳ್ಳೆ ಓಡಿಸುವ ಲೋಶನ್, ಬಟ್ಟೆಗೆ ಔಷಧ ಸಿಂಪಡಿಸುವುದು, ಮಲಗುವಾಗ ಪರದೆ. ಅವನು ನನ್ನ ಕಣ್ಣೆದುರಿಗೇ ಅದರಲ್ಲಿ ಉಳಿದ ಎರಡು ಮೆಣಸಿನಕಾಯಿ ಭಜಿ ಸುತ್ತಿಕೊಂಡು ಶೆಡ್ಡಿಗೆ ಹೋದ.

ಮಾಮಾನಂಥ ಆಪರೇಟರುಗಳ ಲೋಕದಲ್ಲಿ ‘ಸೆಟ್’ ಅಂತ ಒಂದು ಮಾತಿದೆ. ಹೊರದೇಶಕ್ಕೆ ಹೋಗುವವರೆಲ್ಲ ಪಾಸ್‌ಪೋರ್ಟನ್ನು ಒಬ್ಬ ಏಜೆಂಟನ ಕೈಗೆ ಕೊಡುತ್ತಾರೆ. ಅವನು ವೀಸಾ, ಮೆಡಿಕಲ್, ಫೋಟೋ, ಇನ್ನೇನೇನು ಬೇಕೋ ಎಲ್ಲ ಸೇರಿಸಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ವಾಪಸ್ಸು ಕೊಡುತ್ತಾನೆ. ಅದೇ ಸೆಟ್. ಅದರೊಳಗೆ ಏನಿದೆ ಎಂದು ಯಾರೂ ಬಿಚ್ಚಿ ಓದುವುದಿಲ್ಲ. ಇವರೆಲ್ಲ ದಿನಗೂಲಿ ಬಿಟ್ಟು ಆಫೀಸಿನಿಂದ ಆಫೀಸಿಗೆ ಅಲೆಯಲಾರದವರು; ಸೆಟ್ ದಪ್ಪಗಿದ್ದರೆ ಕೆಲಸ ಪಕ್ಕಾ.

ಹೊರಡಲು ಒಂಬತ್ತು ದಿನ ಇರುವಾಗ ಮಾಮಾ ಸೆಟ್ ತಂದು ಅವ್ವನ ಮುಂದೆ ಹರಡಿದ. ಅದರಲ್ಲಿ ಹಳದಿ ಜ್ವರದ ಸೂಜಿ ಹಾಕಿಸಿಕೊಂಡದ್ದಕ್ಕೆ ಪುರಾವೆಯಾಗಿ ಕೊಡುವ ಹಳದಿ ಕಾರ್ಡೂ ಇತ್ತು. “ನೋಡ್ಕೋ,” ಎಂದು ನನ್ನ ಕಡೆ ತಳ್ಳಿದ. “ನಿನ್ನ ಸೂಜಿ ಆತು.”

ಹೆಸರು ಸರಿ, ಪಾಸ್‌ಪೋರ್ಟ್ ನಂಬರ್ ಸರಿ, ಮೊಹರು, ಸಹಿ. ಸೂಜಿ ಹಾಕಿದ ದಿನಾಂಕ ನೋಡಿದೆ. ಆ ದಿನ ಮಾಮಾ ಲಿಂಗಸೂಗೂರಿನಲ್ಲಿದ್ದ. ಅವನ ಸಣ್ಣ ಮಗಳಿಗೆ ಕಿವಿ ಚುಚ್ಚಿಸುವ ಕಾರ್ಯ. ನಾನೂ ಅವ್ವನೂ ಅವನೊಟ್ಟಿಗೆ ಒಂದೇ ಬಸ್ಸಿನಲ್ಲಿ ಹೋಗಿದ್ದೆವು.

“ಮಾಮಾ, ಅವತ್ತ ಸೂಜಿ ಚುಚ್ಚಿಸ್ಕೊಂಡಾಕಿ ನಿನ್ನ ಮಗಳು. ನೀನಲ್ಲ.”

ಅವನ ಮುಖ ಬಿಗಿಯಿತು. “ಏಜೆಂಟ್ ಮಾಡಿಸ್ಯಾನ. ಏಳ ಮಂದಿ ಹೊಂಟೀವಿ, ಏಳ ಮಂದಿಗೂ ಇದ ಕಾರ್ಡ. ಅವರೆಲ್ಲ ಹುಚ್ಚರು, ನೀ ಒಬ್ಬಾಕಿ ಶಾಣ್ಯಾಕಿ!”

ಮರುದಿನ ಕೋಚಿಂಗ್ ತಪ್ಪಿಸಿ ಆ ಏಜೆಂಟನ ಆಫೀಸಿಗೆ ಹೋದೆ. ಅಮೀರ್‌ಪೇಟಿನಲ್ಲೇ, ಒಂದು ಹಾಸ್ಟೆಲ್ಲಿನ ಕೆಳಗೆ. ಕುರ್ಚಿಗಳಲ್ಲಿ ಇಬ್ಬರು ಮೂವರು ಸೆಟ್ಟಿಗಾಗಿ ಕಾಯುತ್ತಿದ್ದರು. ಏಜೆಂಟ್ ನನ್ನನ್ನು ನೋಡಿ ಟೀ ತರಿಸಲೇ ಎಂದ. ನಾನು ಕಾರ್ಡಿನ ಮಾತೆತ್ತಿದ ಮೇಲೆ ಟೀ ಮರೆತ.

“ಅರೇ ಅಮ್ಮಾ, ಟೆನ್ಶನ್ ನಕ್ಕೋ,” ಎಂದ, ಚಿಂತೆ ಬೇಡ ಅಂತ. ಆಮೇಲೆ ಹಿಂದಿ, ತೆಲುಗು ಕಲಸಿ ತಿಳಿಹೇಳಿದ: ಏರ್‌ಪೋರ್ಟಿನಲ್ಲಿ ಯಾರೂ ತೋಳು ನೋಡುವುದಿಲ್ಲ, ಕಾರ್ಡು ನೋಡುತ್ತಾರೆ. ಹತ್ತು ವರ್ಷ ಗ್ಯಾರಂಟಿ.

“ಹತ್ತು ವರ್ಷದ ನಿಯಮ ಹೋಗಿ ಎಷ್ಟೋ ಕಾಲ ಆಯಿತು, ಈಗ ಜೀವನಪೂರ್ತಿ. ನೀವು ಮಾರುವ ಸುಳ್ಳು ಕೂಡ ಹಳೆಯದು,” ಎಂದೆ ಹಿಂದಿಯಲ್ಲಿ. ಸಿಟ್ಟಿನಲ್ಲಿ ನನ್ನ ಹಿಂದಿ ಚೆನ್ನಾಗಿ ಬರುತ್ತದೆ. ಕಾರ್ಡು ಇರುವುದು ಅಧಿಕಾರಿಯನ್ನು ಒಪ್ಪಿಸುವುದಕ್ಕೆ ಮಾತ್ರ ಅಲ್ಲ, ಎಂದೆ. ಇವರಲ್ಲಿ ಒಬ್ಬ ಜ್ವರ ಹೊತ್ತು ತಿರುಗಿ ಬಂದರೆ, ಅದನ್ನು ಹಂಚುವ ಸೊಳ್ಳೆ ನಮ್ಮ ಓಣಿಯ ನೀರಿನ ಡ್ರಮ್ಮುಗಳಲ್ಲಿ ಈಗಾಗಲೇ ಇದೆ. ಆ ರೋಗ ನಮ್ಮ ದೇಶಕ್ಕೆ ಇನ್ನೂ ಬಂದಿಲ್ಲ. ಅದಕ್ಕೇ ಅಲ್ಲಿಂದ ಕಾರ್ಡಿಲ್ಲದೆ ಬಂದವರನ್ನು ಆರು ದಿನದವರೆಗೆ ಬೇರೆ ಇಡುತ್ತಾರೆ.

ಅವನು ನನ್ನ ಮಾತು ಮುಗಿಯುವ ತನಕವೂ ಕಾಯಲಿಲ್ಲ. ಫೋನ್ ತೆಗೆದು, ನನ್ನ ಎದುರಿಗೇ, ಮಾಮಾನಿಗೆ ಹಚ್ಚಿದ. ನಿಮ್ಮ ಹುಡುಗಿ ನನ್ನ ಆಫೀಸಿಗೆ ಬಂದು ಗಲಾಟೆ ಮಾಡುತ್ತಿದ್ದಾಳೆ, ಸೀಟು ಬೇಕೋ ಬೇಡವೋ ಹೇಳಿ, ಎಂದ. ಕಾಯುತ್ತಿದ್ದವರು ನನ್ನನ್ನು ನೋಡಿದ ರೀತಿ ಮರೆತಿಲ್ಲ. ಅವರ ಅನ್ನಕ್ಕೆ ಮಣ್ಣು ಹಾಕಲು ಬಂದವಳು ನಾನು.

ನಾನು ಮನೆ ಮುಟ್ಟುವ ಹೊತ್ತಿಗೆ ಮಾಮಾ ಬಂದು ನಿಂತಿದ್ದ. ಮೈಮೇಲೆ ಸೈಟಿನ ಮಣ್ಣು, ಕೆಲಸವನ್ನು ನಡುವೆಯೇ ಬಿಟ್ಟು ಬಂದಿದ್ದ. ಸೆಟ್ ಹಿಂದಿನ ದಿನದಿಂದ ನಮ್ಮಲ್ಲೇ ಇತ್ತು, ಅದನ್ನು ಎತ್ತಿಕೊಂಡು ಹೋಗಲು ಬಂದವನು.

“ನನ್ನ ಹೊಟ್ಟಿ ಮ್ಯಾಲ ಹೊಡಿಯಾಕ ಹೋಗಿದ್ದೇನ ಅಲ್ಲಿ?”

“ನಿನ್ನ ಜೀವ ಉಳಸಾಕ ಹೋಗಿದ್ದೆ.”

“ನೀ ಯಾರ ಉಳಸಾಕಿ? ಮೊದಲ ಆ ಬ್ಯಾಂಕ್ ಪರೀಕ್ಷಿ ಪಾಸಾಗು. ಎರಡ ಸಲ ಡುಮ್ಕಿ ಹೊಡದು ಊರಿಗೆ ಬುದ್ಧಿ ಹೇಳಾಕ ಬರತಾಳ. ಖಂಡ ಯಾವದು ಅಂತ ಗೊತ್ತಿಲ್ಲ ಈಕಿಗೆ!”

ಅದು ನಾಟಿತು. ನಾಟಿದ್ದಕ್ಕೇ ಹರಿದೆ ಎಂದು ಅವನು ಇಂದಿಗೂ ಹೇಳುತ್ತಾನೆ, ಅದರಲ್ಲಿ ಸುಳ್ಳೇನೂ ಇಲ್ಲ. ಪ್ಲಾಸ್ಟಿಕ್ ಕವರಿನಿಂದ ಕಾರ್ಡು ಎಳೆದೆ. “ಸೊಳ್ಳಿ ಕಾರ್ಡ್ ಕೇಳಂಗಿಲ್ಲ ಮಾಮಾ,” ಎಂದೆ. ಒಂದು ಸಲ ಅಡ್ಡ, ಒಂದು ಸಲ ಉದ್ದ. ದಪ್ಪ ಕಾಗದ, ಸುಲಭಕ್ಕೆ ಹರಿಯಲಿಲ್ಲ, ಹಲ್ಲು ಕಚ್ಚಬೇಕಾಯಿತು.

ಮಾಮಾ ಕೈ ಎತ್ತಿದ. ಹೊಡೆಯಲಿಲ್ಲ. ಎತ್ತಿದ ಕೈಯನ್ನು ಬಾಗಿಲಿನ ಚೌಕಟ್ಟಿಗೆ ಬಡಿದ. “ಹರಿ. ಎಷ್ಟ ಹರಿತಿ ಹರಿ. ನಾಳಿ ಇನ್ನೊಂದ ಮಾಡಿಸ್ಕೊಂಡ ಬರತೀನಿ.”

ಅವನು ಹೇಳಿದ್ದು ನಿಜವೇ. ನಾನು ಹರಿದದ್ದರಿಂದ ಏನೂ ಆಗುತ್ತಿರಲಿಲ್ಲ. ಕಾಗದ ಕೊಡುವವನಿಗೆ ಇನ್ನೊಂದು ಕಾಗದ ಕಷ್ಟವೇ?

ಅಷ್ಟು ಹೊತ್ತೂ ಅವ್ವ ಒಲೆಯ ಹತ್ತಿರ ಕೂತು ಸೊಪ್ಪು ಬಿಡಿಸುತ್ತಿದ್ದಳು. ಈಗ ನನ್ನನ್ನು ಕೇಳಿದಳು: “ಆ ಜ್ವರ ಬಂತಂದ್ರ ಔಷಧ ಏನೈತಿ?”

“ಇಲ್ಲವ್ವಾ. ಆ ರೋಗಕ್ಕಂತ ಔಷಧ ಇಲ್ಲ. ಮಲಗಿಸಿ ನೀರು, ಸಲೈನ್ ಕೊಟ್ಟು ನೋಡ್ಕೋತಾರ, ಅಷ್ಟ.”

“ಇದನ್ನೂ ಆಮ್ಯಾಲ ತಪ್ಪಾತು ಅಂತೀಯೇನು?”

“ಇಲ್ಲ. ಇದು ಪಕ್ಕಾ.”

ಅವ್ವ ಎದ್ದು ಕೈ ಒರೆಸಿಕೊಂಡಳು. ಹರಡಿದ್ದ ಸೆಟ್ಟಿನಿಂದ ಪಾಸ್‌ಪೋರ್ಟ್ ಒಂದನ್ನೇ ತೆಗೆದು, ಕಬ್ಬಿಣದ ಅಲಮಾರಿಯಲ್ಲಿ ತನ್ನ ಸೀರೆಗಳ ಕೆಳಗೆ ಇಟ್ಟು, ಕೀಲಿ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಖರೇ ಸೂಜಿ ಚುಚ್ಚಿಸ್ಕೊಂಡ ಬಾ. ಆಮ್ಯಾಲ ಕೊಡತೀನಿ.”

“ಅಕ್ಕಾ! ವಿಮಾನ ಎಂಟ ದಿನಕ್ಕೈತಿ. ಈ ಮೂಳಿ ಹೇಳ್ದಂಗ ಹತ್ತ ದಿನ ಅಂದ್ರ ವಿಮಾನ ಹೋತಲ್ಲ!”

“ಹೋಗಲಿ. ಮುಂದಿನದಕ್ಕ ಹೋಗು.”

“ಮುಂದಿನದಕ್ಕ ನನ್ನ ಸೀಟ್ ಇರಂಗಿಲ್ಲ!”

“ನೀ ಇರತಿ,” ಎಂದಳು ಅವ್ವ. ಮತ್ತೆ ಸೊಪ್ಪಿನ ಮುಂದೆ ಕೂತಳು.

ಎರಡು ದಿನ ಅವನು ಬಂದು ಬಂದು ಬೇಡಿಕೊಂಡ, ಬೈದ, ಊರಿನಿಂದ ಹೆಂಡತಿಯ ಕೈಲಿ ಫೋನ್ ಮಾಡಿಸಿದ. ಅದು ಮಾತ್ರ ಉಲ್ಟಾ ಹೊಡೆಯಿತು. ರಕ್ತ ಬರುವ ಸಂಗತಿಯನ್ನು ಅವ್ವ ಅವಳಿಗೂ ಹೇಳಿಬಿಟ್ಟಳು.

ಸರ್ಕಾರ ಗೊತ್ತುಮಾಡಿದ ಕೇಂದ್ರದಲ್ಲಿ ಮಾತ್ರ ಈ ಸೂಜಿ. ಅದೂ ದಿನಾ ಇಲ್ಲ, ವಾರದ ಗೊತ್ತಾದ ದಿನ. ಔಷಧದ ಸೀಸೆ ಒಡೆದ ಮೇಲೆ ಕೆಲವೇ ಗಂಟೆಯೊಳಗೆ ಮುಗಿಸಬೇಕಾದ್ದರಿಂದ ಜನರನ್ನು ಕೂಡಿಸಿ ಒಟ್ಟಿಗೆ ಹಾಕುತ್ತಾರೆ. ಹೆಸರು ಬರೆಸಿದೆ, ಮುಂದಿನ ವಾರಕ್ಕೆ ಸಿಕ್ಕಿತು. ಅದಕ್ಕೆ ಮೊದಲೇ ಉಳಿದ ಆರು ಮಂದಿ ವಿಮಾನ ಹತ್ತಿದರು. ಶಂಶಾಬಾದಿನ ಏರ್‌ಪೋರ್ಟಿನಿಂದ ಅವರು ಕಳಿಸಿದ ಫೋಟೋವನ್ನು ಮಾಮಾ ನನ್ನ ಮೂಗಿನ ಹತ್ತಿರ ಹಿಡಿದು ತೋರಿಸಿದ.

ಕೇಂದ್ರಕ್ಕೆ ಮೂವರೂ ಹೋದೆವು. ಅವ್ವನಿಗೆ ಅವನ ಮೇಲೆ ನಂಬಿಕೆ ಇರಲಿಲ್ಲ, ಪಾಸ್‌ಪೋರ್ಟನ್ನು ತನ್ನ ಚೀಲದಲ್ಲೇ ಇಟ್ಟುಕೊಂಡಿದ್ದಳು. ಡಾಕ್ಟರು ಹಿಂದಿಯಲ್ಲಿ ಒಂದೊಂದೇ ಕೇಳಿದರು: ದೊಡ್ಡ ಕಾಯಿಲೆ ಏನಾದರೂ ಇದೆಯಾ, ಯಾವ ಮಾತ್ರೆ ನುಂಗುತ್ತೀರಿ, ಮೊಟ್ಟೆ ತಿಂದರೆ ಮೈಗೆ ಆಗುತ್ತದೆಯಾ? ಮೊಟ್ಟೆ ಅಂದ ಕೂಡಲೇ ಮಾಮಾನ ಕಣ್ಣು ಮಿನುಗಿತು. ಮೊಟ್ಟೆ ಆಗದವರಿಗೆ ಈ ಲಸಿಕೆ ಹಾಕಲು ಹಿಂಜರಿಯುತ್ತಾರೆ ಎಂದು ಅವನಿಗೆ ಹೇಳಿದ್ದವಳೂ ನಾನೇ.

“ಆಗಂಗಿಲ್ಲ ಸಾಬ್. ಅಂಡಾ ತಿಂದ್ರ ಮೈಯೆಲ್ಲ ತುರಸ್ತೈತಿ,” ಎಂದ, ಅರ್ಧ ಕನ್ನಡದಲ್ಲೇ.

“ನಿನ್ನಿ ಮೂರ ಆಮ್ಲೇಟ್ ತಿಂದಾನ್ರಿ ಸಾಹೇಬ್ರ,” ಎಂದಳು ಹಿಂದೆ ನಿಂತಿದ್ದ ಅವ್ವ. “ಯಾವ ತುರಿಕಿನೂ ಇಲ್ಲ. ಹಾಕ್ರಿ.”

ಡಾಕ್ಟರಿಗೆ ಆಮ್ಲೇಟ್ ಎಂಬ ಮಾತೊಂದು ಅರ್ಥವಾಗಿರಬೇಕು. ಕನ್ನಡಕ ಇಳಿಸಿ ಮಾಮಾನನ್ನು ನೋಡಿ, ಸುಳ್ಳು ಹೇಳುವ ಜಾಗವಲ್ಲ ಇದು ಎಂದು ಗದರಿಸಿ, ಮತ್ತೊಮ್ಮೆ ಎಲ್ಲ ಕೇಳಿದರು. ಈ ಸಲ ನಿಜ ಹೇಳಿದ. ಸೂಜಿ ಬಿತ್ತು. ಅರ್ಧ ಗಂಟೆ ಅಲ್ಲೇ ಕೂರಿಸಿದರು. ಹೊಸ ಕಾರ್ಡನ್ನು ಅವನು ನನ್ನ ಕೈಗೆ ಸೋಕಲೂ ಬಿಡಲಿಲ್ಲ. ಅಂಗಿಯ ಒಳಗೆ ಇಟ್ಟುಕೊಂಡು, ಬಸ್ಸಿನಲ್ಲಿ ನಮ್ಮಿಂದ ದೂರ, ಹಿಂದಿನ ಸೀಟಿನಲ್ಲಿ ಕೂತ. ನಾಲ್ಕನೆಯ ದಿನ ಸಣ್ಣಗೆ ಮೈ ಬಿಸಿಯಾಯಿತು. ಹಾಗಾಗುವುದುಂಟು, ಎರಡು ದಿನಕ್ಕೆ ಹೋಗುತ್ತದೆ. “ಬಂತ ನೋಡು ಹಳದಿ ಜ್ವರ, ಈಕಿ ಕೃಪಾದಿಂದ,” ಎಂದು ನಮ್ಮ ಮನೆಯ ಚಾಪೆಯ ಮೇಲೆ ಮಲಗಿ ಓಣಿಗೆಲ್ಲ ಕೇಳುವಂತೆ ಹೇಳಿದ.

ತಿಂಗಳ ಕೊನೆಗೆ ಇನ್ನೊಂದು ತಂಡದ ಜೊತೆ ಹೋದ. ಅವ್ವನ ಕಾಲು ಮುಟ್ಟಿದ. ನನ್ನ ಕಡೆ ನೋಡಲಿಲ್ಲ.

ಅವನ ಹೆದರಿಕೆ ನಿಜವೇ ಆಯಿತು. ಯಂತ್ರದ ಸೀಟಿಗೆ ಬೇರೊಬ್ಬನನ್ನು ಕೂರಿಸಿಯಾಗಿತ್ತು. ಇವನಿಗೆ ಸಿಕ್ಕಿದ್ದು ನೆಲದ ಕೆಲಸ: ಬಾಯಲ್ಲಿ ಸೀಟಿ ಹಿಡಿದು ಯಂತ್ರದ ಮುಂದೆ ನಡೆದು, ಯಾವ ಮರ ಯಾವ ಕಡೆ ಬೀಳಬೇಕು ಎಂದು ಕೈ ತೋರಿಸುವುದು. ಆಪರೇಟರುಗಳು ಗಾಜು ಮುಚ್ಚಿದ ಏಸಿ ಕ್ಯಾಬಿನ್ನಿನಲ್ಲಿ ಕೂತಿರುತ್ತಾರೆ. ಬಿದ್ದ ಮರದ ತುದಿಯ ಹತ್ತಿರ ನಿಲ್ಲುವವನು ಇವನು.

“ನಿನ್ನ ಮಗಳಿಗೆ ಹೇಳು,” ಎಂದ ಅವ್ವನಿಗೆ ಮೊದಲ ವಾರದ ಫೋನಿನಲ್ಲೇ. “ನಾ ಮೊದಲ ಬಂದಿದ್ರ ಗ್ಲಾಸ್ ಒಳಗ ಇರತಿದ್ದೆ. ಸೊಳ್ಳಿಯಿಂದ ಉಳಸತೀನಿ ಅಂತ ಸೊಳ್ಳಿ ಬಾಯಾಗ ನಿಂದರ್ಸ್ಯಾಳ.”

ಅವನು ಹೇಳಿದ್ದು ಸರಿ. ಸುಳ್ಳು ಕಾರ್ಡಿನ ಆರು ಮಂದಿಗೆ ಏನೂ ಆಗಲಿಲ್ಲ ಎಂಬುದನ್ನೂ ಬರೆಯಬೇಕು. ಚೆನ್ನಾಗಿದ್ದಾರೆ, ಕ್ಯಾಬಿನ್ನಿನಲ್ಲಿದ್ದಾರೆ, ಊರಿಗೆ ದುಡ್ಡು ಕಳಿಸುತ್ತಿದ್ದಾರೆ. ಓದುವವರು ಅವರಲ್ಲಿ ಒಬ್ಬರಿಗಾದರೂ ಜ್ವರ ಬಂದಿರಲಿ ಎಂದು ಕಾಯುತ್ತಿದ್ದರೆ, ನಾನೂ ಕೆಲವು ದಿನ ಹಾಗೇ ಕಾದೆ. ಆಮೇಲೆ ನನ್ನ ಬಗ್ಗೆಯೇ ಅಸಹ್ಯವಾಗಿ ಬಿಟ್ಟೆ. ರಸ್ತೆ ನೋಡದೆ ದಾಟಿದವರೆಲ್ಲ ಸಾಯುವುದಿಲ್ಲ. ಹಾಗಂತ ನೋಡದೆ ದಾಟಿ ಎಂದು ಮನೆಯವರಿಗೆ ಹೇಳಲಿಕ್ಕೆ ಆಗುತ್ತದೆಯೇ?

ಕಳೆದ ತಿಂಗಳು ಒಂದು ಮಧ್ಯಾಹ್ನ ಅವನ ಫೋನ್ ಬಂತು. ಅವ್ವ ಸ್ಪೀಕರಿಗೆ ಹಾಕಿ ಅಕ್ಕಿ ಆರಿಸುತ್ತಿದ್ದಳು. ನಾನು ಪಕ್ಕದಲ್ಲೇ ಇದ್ದೆ, ಅದು ಅವನಿಗೂ ಗೊತ್ತಿತ್ತು. ಅವರ ಕ್ಯಾಂಪಿನಲ್ಲಿ ಮರ ಕಡಿಯುವ ಅಲ್ಲಿನದೇ ಒಬ್ಬ ಮನುಷ್ಯನನ್ನು ದೊಡ್ಡ ಊರಿನ ಆಸ್ಪತ್ರೆಗೆ ಒಯ್ದಿದ್ದಾರಂತೆ. ಜ್ವರ ಬಿಟ್ಟು ಮತ್ತೆ ಬಂತಂತೆ, ಕಣ್ಣು ಅರಿಶಿನದ ಹಾಗೆ ಆಗಿದೆಯಂತೆ. ಯಾವ ಜ್ವರ ಎಂದು ಇನ್ನೂ ಯಾರೂ ಹೇಳಿಲ್ಲ. ಏಸಿ ಕ್ಯಾಬಿನ್ನಿನ ಆರು ಮಂದಿಯೂ ಎರಡು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲವಂತೆ.

ಆಮೇಲೆ ಕೇಳಿದ: “ಅಕ್ಕಾ, ಆ ಸೂಜಿ ಎಷ್ಟ ವರ್ಷ ನಡೀತೈತಿ ಅಂತ ಕೇಳು.”

ಅವ್ವ ನನ್ನ ಕಡೆ ತಿರುಗಿದಳು. “ಎಷ್ಟ ವರ್ಷಂತ?”

“ಜೀವನಪೂರ್ತಿ ಅಂತ ಹೇಳು. ಒಂದ ಸೂಜಿ ಸಾಕು. ಆದ್ರ ಮೈತುಂಬ ಬಟ್ಟಿ ಹಾಕ್ಕೊಳ್ಳೋದ ಬಿಡಬಾರದು, ಬ್ಯಾರೆ ಜ್ವರಾನೂ ಅದಾವು.”

“ಜೀವನಪೂರ್ತಿ ಅಂತ,” ಎಂದಳು ಅವ್ವ ಫೋನಿಗೆ.

“ಪಕ್ಕಾ ಏನು ಕೇಳು. ಮುಂದಿನ ವಾರ ಬದಲ ಮಾಡಬಾರದು.”

“ಪಕ್ಕಾ,” ಎಂದೆ ನಾನೇ, ಜೋರಾಗಿ.

ಆ ಕಡೆಯಿಂದ ಅವನು ಉಸಿರು ಬಿಟ್ಟದ್ದು ನಮ್ಮಿಬ್ಬರಿಗೂ ಕೇಳಿಸಿತು.

“ಹಂಗಾರ ಅಕಿ ಕೆಲಸ ಮುಗೀತು,” ಎಂದ. “ಇನ್ನ ಸ್ಪೀಕರ್ ತಗಿ ಅಕ್ಕಾ, ನಿನ್ನ ಕೂಡ ಮಾತಾಡೋದೈತಿ.”